ಕಾರು ಎಡಕ್ಕೆ ತಿರುಗಿತು

ಆ ಕಾರನ್ನು ನೀವೂ ನೋಡಿದ್ದೀರಿ. ನೋಡಿಲ್ಲ ಅಂತ ಸುಳ್ಳು ಹೇಳಬೇಡಿ. ದೊಡ್ಡ ಮನುಷ್ಯರೊಬ್ಬರು ಮನೆಯಿಂದ ಹೊರಟು ಕೋರ್ಟು ತಲುಪುವವರೆಗೆ ಎಲ್ಲ ಚಾನೆಲ್‌ಗಳಲ್ಲೂ ಓಡಿದ್ದು ಅದೊಂದೇ ಕಾರು. ಹಿಂದೆ ಬೈಕಿನಲ್ಲಿ ಕೂತಿದ್ದ ವರದಿಗಾರ ಏದುಸಿರು ಬಿಡುತ್ತಾ "ಕಾರು ಈಗ ಎಡಕ್ಕೆ ತಿರುಗಿದೆ" ಅಂದ. ಸ್ಟುಡಿಯೋದಲ್ಲಿದ್ದ ನಿರೂಪಕಿ "ಎಡಕ್ಕಾ?" ಅಂತ ಕೇಳಿದರು. "ಹೌದು, ಎಡಕ್ಕೇ." ತಕ್ಷಣ ಕೆಳಗಿನ ಕೆಂಪು ಪಟ್ಟಿಯಲ್ಲಿ ‘ಎಡಕ್ಕೆ ತಿರುಗಿದ ಕಾರು!’ ಅಂತ ಬಂತು. ಯಾಕೆ ತಿರುಗಿತು ಅಂತ ಚರ್ಚಿಸಲು ಒಬ್ಬ ವಕೀಲರು, ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿ, ಒಬ್ಬ ಜ್ಯೋತಿಷಿ ರೆಡಿಯಾಗಿ ಕೂತಿದ್ದರು. ಕೋರ್ಟು ಇರುವುದೇ ಎಡಗಡೆ ಅಂತ ಹೇಳಲು ಮಾತ್ರ ಯಾರಿಗೂ ಪುರುಸೊತ್ತು ಸಿಗಲಿಲ್ಲ.

ಜನ ಇದಕ್ಕೆ ಸುಮ್ನೆ ಬೈಯುತ್ತಾರೆ. ನನಗಂತೂ ಚಾನೆಲ್‌ನವರ ಮೇಲೆ ಗೌರವ ಜಾಸ್ತಿಯಾಗಿದೆ. ಸಮೂಹ ಸಂವಹನ ಓದುವ ಹುಡುಗರು ಪರೀಕ್ಷೆ ಮುಗಿದ ಸಂಜೆಯೇ ಸಿದ್ಧಾಂತಗಳನ್ನೆಲ್ಲ ಮರೆತುಬಿಡುತ್ತಾರೆ. ಚಾನೆಲ್‌ನವರು ಮರೆತಿಲ್ಲ. ಪಠ್ಯಪುಸ್ತಕದ ಒಂದೊಂದು ಪಾಠವನ್ನೂ ದಿನಾ ಸಂಜೆ ಪ್ರಾಕ್ಟಿಕಲ್ ಮಾಡಿ ತೋರಿಸುತ್ತಾರೆ.

ಮೊದಲ ಪಾಠ ಅಮೆರಿಕದ ರಾಜ್ಯಶಾಸ್ತ್ರಜ್ಞ ಹೆರಾಲ್ಡ್ ಲಾಸ್‌ವೆಲ್ ಅವರದು, 1948. ಯಾರು, ಏನನ್ನು, ಯಾವ ಮಾಧ್ಯಮದಲ್ಲಿ, ಯಾರಿಗೆ ಹೇಳುತ್ತಾರೆ, ಅದರಿಂದ ಏನು ಪರಿಣಾಮ? ಸಂವಹನದ ಬಗ್ಗೆ ಕೇಳಬೇಕಾದದ್ದು ಈ ಐದು ಪ್ರಶ್ನೆ ಅಂದರು ಅವರು. ಕಾರಿಗೇ ಹಾಕಿ ನೋಡೋಣ. ಯಾರು? ಮೂಲಗಳು. ಏನನ್ನು? ಎಡಕ್ಕೆ. ಯಾವ ಮಾಧ್ಯಮ? ಎಲ್ಲವೂ. ಯಾರಿಗೆ? ಕೈಗೆ ರಿಮೋಟ್ ಸಿಗದವರಿಗೆ. ಪರಿಣಾಮ? ಮುಂದಿನ ವಾರ ರೇಟಿಂಗ್ ಬಂದ ಮೇಲೆ ತಿಳಿಸಲಾಗುವುದು. ಈ ‘ಮೂಲಗಳು’ ಎಂಬ ಜೀವಿಗಳನ್ನು ಕಂಡರೆ ನನಗೆ ಬಹಳ ಪ್ರೀತಿ. ಅವಕ್ಕೆ ಹೆಸರಿಲ್ಲ, ಮುಖವಿಲ್ಲ, ಹೇಳಿದ್ದು ಸುಳ್ಳಾದರೆ ಕ್ಷಮೆ ಕೇಳುವ ಬಾಯಿಯೂ ಇಲ್ಲ. ನಿದ್ದೆಯಂತೂ ಇಲ್ಲವೇ ಇಲ್ಲ. ನಡುರಾತ್ರಿ ಎದ್ದು ಟಿವಿ ಹಾಕಿದರೂ ಏನೋ ಒಂದನ್ನು ತಿಳಿಸುತ್ತಲೇ ಇರುತ್ತವೆ.

ಅದೇ ವರ್ಷ, ಅಮೆರಿಕದ ದೂರವಾಣಿ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿದ್ದ ಕ್ಲಾಡ್ ಶಾನನ್ ಸಂವಹನಕ್ಕೊಂದು ಗಣಿತ ಬರೆದರು. ಅದರ ಚಿತ್ರ ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಎಡದಿಂದ ಬಲಕ್ಕೆ ಸಾಲಾಗಿ ಚೌಕಗಳು, ನಡುವೆ ಬಾಣಗಳು. ಮಾಹಿತಿ ಹುಟ್ಟುವ ಕಡೆಯಿಂದ ತಲುಪುವ ಕಡೆಗೆ ಹೋಗುತ್ತದೆ. ಆ ದಾರಿಯ ಕೆಳಗೆ ಒಂದೇ ಒಂದು ಪುಟ್ಟ ಚೌಕ. ಅದರ ಹೆಸರು ಗದ್ದಲ. ತಂತಿಯ ಗರಗರ ಸದ್ದು, ಅಷ್ಟೇ. ಅದನ್ನು ದಾಟಿಸಿ ಸಂದೇಶ ಮುಟ್ಟಿಸುವುದು ಹೇಗೆ ಎಂಬುದು ಪಾಪ ಶಾನನ್ ಅವರ ಚಿಂತೆ.

ಚಾನೆಲ್‌ನವರು ಆ ಚಿತ್ರವನ್ನು ಸುಧಾರಿಸಿದ್ದಾರೆ. ಪರದೆಯನ್ನೇ ನೋಡಿ. ನಡುವೆ ಎಂಟು ಕಿಟಕಿ, ಎಂಟರಲ್ಲೂ ಎಂಟು ಬಾಯಿ. ಎಲ್ಲವೂ ಒಟ್ಟಿಗೆ ತೆರೆದಿವೆ. ಮೇಲೆ ‘ನೇರ ಪ್ರಸಾರ’ ಅಂತ ಮಿನುಗುವ ಚುಕ್ಕೆ. ಮೂಲೆಯಲ್ಲಿ ‘ನಮ್ಮಲ್ಲೇ ಮೊದಲು’. ಅದೇ ಹೊತ್ತಿಗೆ ಪಕ್ಕದ ಚಾನೆಲ್‌ನಲ್ಲೂ ‘ನಮ್ಮಲ್ಲೇ ಮೊದಲು’. ಕೆಳಗೆ ಎರಡು ಸಾಲು ಓಡುತ್ತವೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಇದ್ದಕ್ಕಿದ್ದಂತೆ ಇಡೀ ಚರ್ಚೆ ಕುಗ್ಗಿ ಮೂಲೆಗೆ ಸರಿಯುತ್ತದೆ, ಎಡಗಡೆಯಿಂದ ಒಂದು ಸೋಪು ಇಣುಕುತ್ತದೆ. ಸೋಪು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ಸ್ಪಷ್ಟವಾಗಿ ಕೇಳಿಸುತ್ತದೆ. ಆ ಅರ್ಧ ಗಂಟೆಯಲ್ಲಿ ತಲುಪಬೇಕಾದ ಕಡೆ ತಲುಪಿದ ಸಂದೇಶ ಅದೊಂದೇ. ಗದ್ದಲದ ಚೌಕ ದೊಡ್ಡದಾಗಿ ದೊಡ್ಡದಾಗಿ ಉಳಿದ ಚೌಕಗಳನ್ನೆಲ್ಲ ನುಂಗಿಬಿಟ್ಟಿದೆ. ನಡುವೆ ಯಾರಾದರೂ ಅಪ್ಪಿತಪ್ಪಿ ಒಂದು ಅರ್ಥವಿರುವ ಮಾತು ಆಡಿದರೆ ನಿರೂಪಕರು "ಸರ್, ಒಂದ್ನಿಮಿಷ, ಒಂದ್ನಿಮಿಷ" ಅಂತ ಅಡಚಣೆ ನಿವಾರಿಸುತ್ತಾರೆ.

ಶಾನನ್ ಇನ್ನೊಂದು ಮಾತು ಹೇಳಿದ್ದರು. ಅದನ್ನು ತರಗತಿಯಲ್ಲಿ ಅವಸರದಲ್ಲಿ ದಾಟಿಸುತ್ತಾರೆ, ಲೆಕ್ಕ ಇದೆಯಲ್ಲ, ಅದಕ್ಕೆ. ಯಾವುದು ಆಗುತ್ತದೆ ಅಂತ ಮೊದಲೇ ಖಚಿತವಾಗಿ ಗೊತ್ತಿದೆಯೋ ಅದರಲ್ಲಿ ಮಾಹಿತಿ ಸೊನ್ನೆ. ಎಷ್ಟು ಅನಿರೀಕ್ಷಿತವೋ ಅಷ್ಟು ಮಾಹಿತಿ. ಕೋರ್ಟಿಗೆ ಹೋಗಬೇಕಾದ ಕಾರು ಕೋರ್ಟಿಗೇ ಹೋಯಿತು. ಲೆಕ್ಕ ಹಾಕಿ. ಇಷ್ಟೊಂದು ಓಬಿ ವ್ಯಾನು, ಡ್ರೋನು, ಬೈಕು, ಉಪಗ್ರಹ ಎಲ್ಲ ಸೇರಿ ಮಧ್ಯಾಹ್ನದವರೆಗೆ ನಮಗೆ ಕಳಿಸಿದ್ದು ಶುದ್ಧ ಸೊನ್ನೆ. ಸೊನ್ನೆಯನ್ನು ಇಷ್ಟು ಎಚ್‌ಡಿಯಾಗಿ ಕಳಿಸುವುದು ಸಾಮಾನ್ಯ ಸಾಧನೆಯಲ್ಲ.

ಇಲ್ಲಿ ನನಗೆ ಮಿಸ್ಟರ್ ಗೇಟ್ಸ್ ನೆನಪಾಗುತ್ತಾರೆ. ಕಂಪ್ಯೂಟರ್ ಗೇಟ್ಸ್ ಅಲ್ಲ. 1949ರಲ್ಲಿ ಅಮೆರಿಕದ ಒಂದು ಕೈಗಾರಿಕಾ ಊರಿನ ಪತ್ರಿಕೆಯಲ್ಲಿ ಸುದ್ದಿ ಸಂಸ್ಥೆಗಳ ತಂತಿ ಸುದ್ದಿ ಆರಿಸುತ್ತಿದ್ದ ಸಂಪಾದಕ. ನಿಜವಾದ ಹೆಸರು ಬೇರೆ. ಅವರನ್ನು ಅಧ್ಯಯನ ಮಾಡಿದ ಡೇವಿಡ್ ಮ್ಯಾನಿಂಗ್ ವೈಟ್ ಇಟ್ಟ ಹೆಸರು ಇದು. ಸುದ್ದಿಯ ಬಾಗಿಲು ಕಾಯುವವರು ಎಂಬ ಕಲ್ಪನೆ ಪತ್ರಿಕೋದ್ಯಮಕ್ಕೆ ಗಟ್ಟಿಯಾಗಿ ಬಂದದ್ದು ಇವರಿಂದಲೇ. ಗೇಟ್ಸ್ ಅವರಿಗೆ ವೈಟ್ ಹೇಳಿದ್ದು ಇಷ್ಟೇ, ಒಂದು ವಾರ ತಾವು ಕಸಕ್ಕೆ ಹಾಕುವ ಪ್ರತಿ ಸುದ್ದಿಯನ್ನೂ ಎತ್ತಿಟ್ಟು, ಯಾಕೆ ಬೇಡ ಅಂತ ಅದರ ಮೇಲೆ ಬರೆಯಬೇಕು. ಪತ್ರಿಕೆ ಅಚ್ಚಿಗೆ ಹೋದ ಮೇಲೆ ನಡುರಾತ್ರಿ ಕೂತು ಬರೆದರಂತೆ. ‘ಜಾಗವಿಲ್ಲ.’ ‘ನೀರಸ.’ ‘ಬರೀ ಪ್ರಚಾರ.’ ಕೆಲವದರ ಮೇಲೆ ಅವರ ರಾಜಕೀಯ ಸಿಟ್ಟೂ ಇತ್ತು, ಒಂದೆರಡು ಕಡೆ ಬಾಯಲ್ಲಿ ಆಡುವಂಥದ್ದಲ್ಲದ ಮಾತೂ ಇತ್ತು. ಬಂದದ್ದರಲ್ಲಿ ಅವರು ಬಳಸಿದ್ದು ಹತ್ತರಲ್ಲಿ ಒಂದು ಪಾಲು.

ಒಬ್ಬ ಮನುಷ್ಯನ ಇಷ್ಟಾನಿಷ್ಟದ ಮೇಲೆ ಊರಿನ ಸುದ್ದಿ ನಿಂತಿದೆಯಲ್ಲ ಅಂತ ವೈಟ್ 1950ರಲ್ಲಿ ತೋರಿಸಿಕೊಟ್ಟರು. ಎಲ್ಲರೂ ಗಾಬರಿಯಾದರು. ಪೂರ್ವಗ್ರಹ, ಪಕ್ಷಪಾತ ಅಂತ ಇವತ್ತಿಗೂ ಪರೀಕ್ಷೆಯಲ್ಲಿ ಬರೆಯುತ್ತೇವೆ. ನನಗೀಗ ಆ ಮನುಷ್ಯನನ್ನು ಹುಡುಕಿಕೊಂಡು ಹೋಗಿ ಕಾಲಿಗೆ ಬೀಳಬೇಕು ಅನ್ನಿಸುತ್ತದೆ. ಯೋಚನೆ ಮಾಡಿ, ಸುದ್ದಿಮನೆಯಲ್ಲಿ ಒಬ್ಬರು ಕೂತು ಹತ್ತರಲ್ಲಿ ಒಂಬತ್ತನ್ನು ಬೇಡ ಅನ್ನುತ್ತಿದ್ದರು! ಬೇಡ ಅಂದದ್ದಕ್ಕೆ ಕಾರಣ ಬರೆಯುತ್ತಿದ್ದರು! ‘ಕಾರು ಎಡಕ್ಕೆ ತಿರುಗಿತು’ ಎಂಬ ತಂತಿ ಅವರ ಮೇಜಿಗೆ ಬಂದಿದ್ದರೆ ಅದರ ಮೇಲೆ ಏನು ಬರೆಯುತ್ತಿದ್ದರು ಅಂತ ಊಹಿಸುತ್ತಾ ನಾನು ಒಂದು ಸಂಜೆ ಖುಷಿಯಾಗಿ ಕಳೆದಿದ್ದೇನೆ. ಈಗ ಬಾಗಿಲೂ ಇಲ್ಲ, ಕಾಯುವವರೂ ಇಲ್ಲ. ಯಾವುದು ಒಳಗೆ ಬರಬೇಕು ಎಂಬುದನ್ನು ಮೊಬೈಲಿನಲ್ಲಿ ಎಷ್ಟು ಜನ ಒತ್ತಿದರು ಎಂಬ ಲೆಕ್ಕ ಹೇಳುತ್ತದೆ. ಲೆಕ್ಕಕ್ಕೆ ನಡುರಾತ್ರಿ ಕೂತು ಕಾರಣ ಬರೆಯುವ ಅಭ್ಯಾಸವಿಲ್ಲ.

ಗಾಲ್ಟಂಗ್ ಮತ್ತು ರೂಗ್ ಎಂಬ ನಾರ್ವೆಯ ಸಂಶೋಧಕರ ಕಥೆ ಇನ್ನೂ ಚೆನ್ನಾಗಿದೆ. ಕಾಂಗೋ, ಕ್ಯೂಬಾ, ಸೈಪ್ರಸ್‌ಗಳ ಬಿಕ್ಕಟ್ಟು ನಾರ್ವೆಯ ಪತ್ರಿಕೆಗಳಲ್ಲಿ ಹೇಗೆ ಬಂತು ಅಂತ ನೋಡಿ 1965ರಲ್ಲಿ ಬರೆದರು. ದೊಡ್ಡವರ ಸುದ್ದಿ ಸುದ್ದಿಯಾಗುತ್ತದೆ. ಕೆಟ್ಟದ್ದು ಸುದ್ದಿಯಾಗುತ್ತದೆ. ವ್ಯಕ್ತಿಯ ಮೇಲೆ ಹೊರಿಸಬಹುದಾದದ್ದು ಸುದ್ದಿಯಾಗುತ್ತದೆ. ಇದರಿಂದ ಜಗತ್ತಿನ ಚಿತ್ರ ಸೊಟ್ಟಗಾಗುತ್ತದೆ, ಹಾಗಾಗದಂತೆ ಪತ್ರಕರ್ತರು ಎಚ್ಚರ ವಹಿಸಿ ಅಂತ ಕೊನೆಯಲ್ಲಿ ಸಲಹೆಯನ್ನೂ ಕೊಟ್ಟರು. ನಾವು ಏನು ಮಾಡಿದೆವು? ಕೊನೆಯ ಪುಟ ಕಿತ್ತು ಬಿಸಾಕಿದೆವು. ಉಳಿದದ್ದನ್ನು ‘ಸುದ್ದಿ ಮೌಲ್ಯಗಳು’ ಅಂತ ಹೆಸರಿಟ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದೆವು. ರೋಗದ ಲಕ್ಷಣಗಳನ್ನು ಪಟ್ಟಿ ಮಾಡಿದವರಿಗೆ ಆ ಪಟ್ಟಿಯೇ ಸಿಲಬಸ್ ಆಗುತ್ತದೆ ಅಂತ ಹೇಗೆ ಗೊತ್ತಾಗಬೇಕು?

ಅಜೆಂಡಾ ನಿಗದಿ ಸಿದ್ಧಾಂತದ ಬಗ್ಗೆ ಹೆಚ್ಚು ಹೇಳುವುದು ಬೇಡ. ಮೆಕ್‌ಕೂಂಬ್ಸ್ ಮತ್ತು ಶಾ ಎಂಬ ಸಂಶೋಧಕರು 1968ರ ಚುನಾವಣೆಯ ಹೊತ್ತಿಗೆ ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ಯಾರಿಗೆ ಓಟು ಹಾಕುವುದು ಅಂತ ಇನ್ನೂ ನಿರ್ಧರಿಸದ 100 ಜನರನ್ನು ಕೇಳಿದ್ದರು. ಮಾಧ್ಯಮ ಯಾವುದನ್ನು ದೊಡ್ಡದು ಮಾಡಿತ್ತೋ ಜನರಿಗೂ ಅದೇ ದೊಡ್ಡದಾಗಿ ಕಂಡಿತ್ತು. ನಿನ್ನೆ ನಮಗೆ ಏನು ದೊಡ್ಡದಾಗಿ ಕಂಡಿತು ಅಂತ ಈಗಾಗಲೇ ಹೇಳಿದ್ದೇನೆ.

ಇಷ್ಟೆಲ್ಲ ಹೊಗಳಿದ ಮೇಲೂ ಒಂದು ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿದೆ. ಕಾರಿನ ನಂತರ ಬಂದ ಸುದ್ದಿ. ಶವಾಗಾರದ ಹೊರಗೆ ನೆಲದ ಮೇಲೆ ಕೂತ ಒಬ್ಬ ತಾಯಿ. ಅವಳ ಮುಖದ ಹತ್ತಿರಕ್ಕೆ ಐದಾರು ಮೈಕು. "ಅಮ್ಮಾ, ಈಗ ಹೇಗನಿಸ್ತಿದೆ?" ಏನನಿಸಬೇಕು? ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕ್ಯಾಮೆರಾ ಬಗ್ಗಿ ಸೆರಗಿನ ಕೆಳಗಿನಿಂದ ಇಣುಕಿತು. ಸಂಜೆ ಅದೇ ದೃಶ್ಯ ನಿಧಾನ ಚಲನೆಯಲ್ಲಿ ಬಂತು, ಹಿಂದೆ ಪಿಟೀಲು ಸೇರಿಸಿ. ಆ ಪಿಟೀಲು ತಾನಾಗಿಯೇ ಬರುವುದಿಲ್ಲ. ಯಾರೋ ಒಬ್ಬ ಮನುಷ್ಯ ಎಡಿಟಿಂಗ್ ಮೇಜಿನ ಮುಂದೆ ಕೂತು, ಇವಳ ಅಳುವಿಗೆ ಯಾವ ಟ್ರ್ಯಾಕ್ ಹೊಂದುತ್ತದೆ ಅಂತ ಮೂರ್ನಾಲ್ಕು ಕೇಳಿ ನೋಡಿ ಆರಿಸಿರುತ್ತಾನೆ. ಇನ್ನೊಬ್ಬ ಸರಿ ಅಂದಿರುತ್ತಾನೆ. ಮಿಸ್ಟರ್ ಗೇಟ್ಸ್ ಆತ್ಮಹತ್ಯೆಯ ಸುದ್ದಿಗಳು ನನಗಿಷ್ಟವಿಲ್ಲ ಅಂತ ಬರೆದು ಪಕ್ಕಕ್ಕಿಟ್ಟಿದ್ದರು. ಅದನ್ನೂ ಪೂರ್ವಗ್ರಹ ಅಂತಲೇ ಓದಿದೆವು. ಇರಲಿ, ಅಷ್ಟಾದರೂ ಪೂರ್ವಗ್ರಹ ಇವರಿಗೆ ಇರಬಾರದೇ? ಇದಕ್ಕೆ ಯಾವ ಸಿದ್ಧಾಂತವೂ ಬೇಕಿಲ್ಲ. ನಾಚಿಕೆ ಸಾಕು. ಹೇಳಿ ಹೇಳಿ ಸುಸ್ತಾಗಿದೆ.

ನಾವೇನು ಕಡಿಮೆ ಇಲ್ಲ ಬಿಡಿ. ನೋಡಿದೆವು, ಲೊಚಗುಟ್ಟಿದೆವು, ನಾಲ್ಕು ಜನಕ್ಕೆ ಕಳಿಸಿದೆವು, ಕರ್ತವ್ಯ ಮುಗಿಯಿತು ಅಂತ ಮಲಗಿದೆವು. ಲಾಜರ್ಸ್‌ಫೆಲ್ಡ್ ಮತ್ತು ಮರ್ಟನ್ ಎಂಬ ಸಮಾಜಶಾಸ್ತ್ರಜ್ಞರು ಇದನ್ನು ಸಮೂಹ ಮಾಧ್ಯಮದ ಅಮಲು ಅಂತ ಕರೆದಿದ್ದರು. ವಿಷಯ ಗೊತ್ತಾದರೆ ಸಾಕು, ಏನೋ ಮಾಡಿದೆ ಅನ್ನಿಸಿಬಿಡುತ್ತದಂತೆ. ಅದೂ 1948ರದೇ, ಲಾಸ್‌ವೆಲ್ ಪ್ರಬಂಧ ಇದ್ದ ಪುಸ್ತಕದಲ್ಲೇ ಬಂದದ್ದು. ಮೊದಲ ಪ್ರಬಂಧ ಪರೀಕ್ಷೆಗೆ ಬಂತು, ಎರಡನೆಯದು ನಮ್ಮ ಮನೆಗೆ ಬಂತು. ಇದನ್ನು ಓದಿದ ಯಾರನ್ನಾದರೂ ಕೇಳಿ, "ಹೌದು ಹೌದು, ಜನ ಹಾಗೇ, ನನಗೇನೂ ಆಗಲ್ಲ" ಅನ್ನುತ್ತಾರೆ. ಹಾಗನ್ನುವುದಕ್ಕೂ ಡಬ್ಲ್ಯೂ. ಫಿಲಿಪ್ಸ್ ಡೇವಿಸನ್ 1983ರಲ್ಲಿ ಒಂದು ಹೆಸರಿಟ್ಟಿದ್ದಾರೆ, ಮೂರನೇ ವ್ಯಕ್ತಿ ಪರಿಣಾಮ ಅಂತ. ತಪ್ಪಿಸಿಕೊಳ್ಳಲು ಇವರು ಎಲ್ಲೂ ದಾರಿ ಬಿಟ್ಟಿಲ್ಲ.

ಆದರೆ ಡಲ್ಲಾಸ್ ಸ್ಮೈತ್ ಎಂಬ ಪುಣ್ಯಾತ್ಮ ಒಬ್ಬರು ನಮ್ಮ ಪರವಾಗಿದ್ದಾರೆ. ಚಾನೆಲ್‌ನವರು ಮಾರುವುದು ಕಾರ್ಯಕ್ರಮವನ್ನಲ್ಲ, ನೋಡುವ ನಮ್ಮನ್ನು ಅಂತ 1977ರಲ್ಲಿ ಬರೆದರು. ಜಾಹೀರಾತಿನವರು ಕೊಳ್ಳುವುದು ನಮ್ಮ ಕಣ್ಣು, ನಮ್ಮ ಹೊತ್ತು. ಅಂದರೆ ಟಿವಿ ಮುಂದೆ ಕೂರುವುದು ವಿಶ್ರಾಂತಿಯಲ್ಲ, ದುಡಿಮೆ. ಇದು ನನಗೆ ತುಂಬಾ ಹಿಡಿಸಿತು. ದುಡಿಮೆ ಅಂದ ಮೇಲೆ ಕೂಲಿ ಕೊಡಬೇಕಲ್ವಾ? ಹಾಗಾಗಿ ಎಲ್ಲ ಚಾನೆಲ್‌ಗಳಿಗೂ ಒಂದೊಂದು ಅರ್ಜಿ ಬರೆದಿಟ್ಟಿದ್ದೇನೆ. ಒಂಬತ್ತು ಗಂಟೆಯ ಚರ್ಚೆಗೆ ರಾತ್ರಿ ಪಾಳಿಯ ಭತ್ಯೆ. ‘ಈಗೊಂದು ಪುಟ್ಟ ವಿರಾಮ’ ಅಂದಾಗ ನಿಜವಾದ ಕೆಲಸ ಶುರುವಾಗುವುದರಿಂದ ಆ ಅವಧಿಗೆ ಓವರ್‌ಟೈಮ್. ಎಂಟು ಜನ ಒಟ್ಟಿಗೆ ಕೂಗಿದ್ದಕ್ಕೆ ಕಿವಿಯ ವೈದ್ಯಕೀಯ ವೆಚ್ಚ. ವಾರಕ್ಕೊಂದು ದಿನ ಕಡ್ಡಾಯ ರಜೆ. ಜ್ಯೋತಿಷಿ ಬಂದ ದಿನ ಅರ್ಧ ದಿನದ ಕೆಲಸಕ್ಕೆ ಪೂರ್ತಿ ಸಂಬಳ. ಸಹಿ ಹಾಕುವವರಿದ್ದರೆ ಬೇಗ ಹಾಕಿ, ಸಂಘ ನೋಂದಣಿ ಮಾಡಿಸಬೇಕು.