ರಾಜಕುಮಾರನಿಗೆ ಸೀಟು ಎಲ್ಲಿ?

ಬ್ರಿಟನ್ನಿನ ಸಿಂಹಾಸನವನ್ನು ತನ್ನ ತಂದೆ ವಿಲಿಯಂ ನಂತರ ಏರಬೇಕಾಗಿರುವ ಜಾರ್ಜ್ ಎಂಬ ಬಾಲಕ ಹದಿಮೂರನೆಯ ವಯಸ್ಸಿನಲ್ಲಿ ಯಾವ ಪ್ರೌಢಶಾಲೆಗೆ ಸೇರಬೇಕು ಎಂಬ ಪ್ರಶ್ನೆ ಲಂಡನ್ನಿನ ಪತ್ರಿಕೆಗಳ ನಿದ್ದೆ ಕೆಡಿಸಿ ವರ್ಷಗಳೇ ಆದವು. 2023ರ ಜೂನ್‌ನಲ್ಲಿ ತಂದೆತಾಯಿ ಮಗನನ್ನು ಕರೆದುಕೊಂಡು ಈಟನ್ ಕಾಲೇಜನ್ನು ನೋಡಿ ಬಂದದ್ದೇ ತಡ, ತಂದೆ ಓದಿದ ಈಟನ್ನೋ, ತಾಯಿ ಓದಿದ ಮಾರ್ಲ್‌ಬರೋ ಕಾಲೇಜೋ, ಹಗಲು ಶಾಲೆಯೋ, ವಸತಿ ಶಾಲೆಯೋ ಎಂದು ಪರಿಣತರು ಟೀವಿಯಲ್ಲಿ ಕುಳಿತು ಚರ್ಚಿಸತೊಡಗಿದರು. ಈ ಚರ್ಚೆ ಸಮುದ್ರ ದಾಟಿ ನಮ್ಮ ಸುದ್ದಿತಾಣಗಳಿಗೂ ಬಂದಿದೆ. ಮೇ ತಿಂಗಳಲ್ಲಿ ಸ್ವಂತ ಮಕ್ಕಳ ಸೀಟಿಗಾಗಿ ಶಾಲೆಗಳ ಗೇಟಿನ ಮುಂದೆ ನಿಲ್ಲುವ ನಾವು, ಯಾವ ಶಾಲೆಯೂ ಇಲ್ಲವೆನ್ನಲಾರದ ಹುಡುಗನಿಗೆ ಸೀಟು ಸಿಕ್ಕೀತೇ ಎಂದು ಮರುಗುತ್ತಾ ಓದುತ್ತೇವೆ.

ಇಷ್ಟೊಂದು ಕಾಳಜಿಯಿಂದ ಅವನನ್ನು ತಯಾರು ಮಾಡುತ್ತಿರುವ ಹುದ್ದೆಗೆ ಬೇಕಾದ ವಿದ್ಯಾರ್ಹತೆ ಏನೆಂದು ತಿಳಿಯುವ ಕುತೂಹಲ ಯಾರಿಗಾದರೂ ಹುಟ್ಟುವುದು ಸಹಜ. ಕಾನೂನಿನಲ್ಲಿ ಅದು ಬಹಳ ಸ್ಪಷ್ಟವಾಗಿದೆ. 1701ರ ಉತ್ತರಾಧಿಕಾರ ಶಾಸನದ ಪ್ರಕಾರ ಅಭ್ಯರ್ಥಿಯು ಹ್ಯಾನೋವರಿನ ಸೋಫಿಯಾ ಎಂಬ ರಾಜಮಹಿಳೆಯ ವಂಶದಲ್ಲಿ ಹುಟ್ಟಿರಬೇಕು, ಕ್ಯಾಥೊಲಿಕ್ ಆಗಿರಬಾರದು ಮತ್ತು ಇಂಗ್ಲೆಂಡಿನ ಚರ್ಚಿನೊಂದಿಗೆ ಸಖ್ಯದಲ್ಲಿರಬೇಕು. ಓದುಬರಹ ಬರಬೇಕೆಂದು ಎಲ್ಲಿಯೂ ಹೇಳಿಲ್ಲ. ಮಗ್ಗಿ ಬಾರದಿದ್ದರೂ ನಡೆಯುತ್ತದೆ, ಪೋಪರ ಬಳಿಗೆ ಮಾತ್ರ ಹೋಗುವಂತಿಲ್ಲ. 2013ರಲ್ಲಿ ಇದಕ್ಕೆ ಒಂದಿಷ್ಟು ತಿದ್ದುಪಡಿಯಾಗಿ, ಹಿರಿಯದು ಹೆಣ್ಣಾದರೂ ಪಟ್ಟ ಅವಳದೇ ಎಂದೂ, ಕ್ಯಾಥೊಲಿಕರನ್ನು ಮದುವೆಯಾದರೆ ಪಟ್ಟ ತಪ್ಪುವುದಿಲ್ಲವೆಂದೂ ತೀರ್ಮಾನವಾಯಿತು. ಆ ಮಸೂದೆಗೆ ಅಂಕಿತ ಬಿದ್ದದ್ದು ಏಪ್ರಿಲ್‌ನಲ್ಲಿ, ಜಾರ್ಜ್ ಹುಟ್ಟಿದ್ದು ಜುಲೈ 22ರಂದು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆಯನ್ನು ಒಂದು ಪಾರ್ಲಿಮೆಂಟು ಇಷ್ಟು ನಿಷ್ಠೆಯಿಂದ ಪಾಲಿಸಿದ ಉದಾಹರಣೆ ಬೇರೆ ಇರಲಾರದು.

ಪರೀಕ್ಷೆಯೇ ಇಲ್ಲದ ಹುದ್ದೆಗೆ ಪಾಠ ಹೇಳುವವರ ಕಷ್ಟ ಸಣ್ಣದಲ್ಲ. ಈ ಹುಡುಗನ ಮುತ್ತಜ್ಜಿಯ ತಂದೆ ಆರನೆಯ ಜಾರ್ಜ್ ಆಸ್ಬೋರ್ನಿನ ನೌಕಾ ಕಾಲೇಜಿನ ಕೊನೆಯ ಪರೀಕ್ಷೆಯಲ್ಲಿ 68 ಹುಡುಗರ ಪೈಕಿ 68ನೆಯವರಾಗಿದ್ದರು. ಮುಂದೆ ಅವರೇ ಮಹಾಯುದ್ಧದ ಕಾಲದಲ್ಲಿ ದೇಶ ಮೆಚ್ಚಿದ ದೊರೆಯಾದರು. ಅವರ ಮಗಳು ಎಲಿಜಬೆತ್ ಶಾಲೆಯ ಮೆಟ್ಟಿಲನ್ನೇ ಹತ್ತಲಿಲ್ಲ. ಮನೆಗೇ ಬಂದು ಕಲಿಸಿದ ಮರಿಯನ್ ಕ್ರಾಫರ್ಡ್ ಎಂಬ ಶಿಕ್ಷಕಿ ಆಮೇಲೆ ಆ ದಿನಗಳ ಬಗ್ಗೆ ಅಕ್ಕರೆಯಿಂದಲೇ ಒಂದು ಪುಸ್ತಕ ಬರೆದರು. ಆ ತಪ್ಪಿಗೆ ಅರಮನೆ ಅವರನ್ನು ಬದುಕಿರುವ ತನಕ ದೂರವಿಟ್ಟಿತು, 1988ರಲ್ಲಿ ತೀರಿಕೊಂಡಾಗ ಒಂದು ಹೂವನ್ನೂ ಕಳಿಸಲಿಲ್ಲ. ಗುರುದಕ್ಷಿಣೆಯಾಗಿ ಗುರುವಿನ ಬಾಯನ್ನೇ ಕೇಳಿದ ಮನೆತನವಿದು.

ಆದರೆ ವಿದ್ಯಾಭ್ಯಾಸದ ಸಡಗರವನ್ನು ಅದರ ಪೂರ್ಣ ವೈಭವದಲ್ಲಿ ಕಾಣಬೇಕಿದ್ದರೆ ಈಗಿನ ದೊರೆ ಚಾರ್ಲ್ಸರ ಬಾಲ್ಯಕ್ಕೆ ಹೋಗಬೇಕು. 1965ರ ಡಿಸೆಂಬರಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ, ಹುಡುಗ ಮುಂದೆ ಏನು ಓದಬೇಕೆಂಬುದನ್ನು ನಿರ್ಧರಿಸಲೆಂದೇ ಒಂದು ಔತಣ ಏರ್ಪಟ್ಟಿತು. ಪ್ರಧಾನಿ ಹೆರಾಲ್ಡ್ ವಿಲ್ಸನ್ ಬಂದಿದ್ದರು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಮೈಕೇಲ್ ರಾಮ್ಸೆ ಬಂದಿದ್ದರು. ವಿಂಡ್ಸರಿನ ಡೀನ್ ಇದ್ದರು, ದೇಶದ ಎಲ್ಲ ವಿಶ್ವವಿದ್ಯಾಲಯಗಳ ಕುಲಪತಿಗಳ ಪರವಾಗಿ ಅವರ ಸಮಿತಿಯ ಅಧ್ಯಕ್ಷರಿದ್ದರು. ಜೊತೆಗೆ, ಒಂದು ಉಪಖಂಡವನ್ನು ಎರಡೂವರೆ ತಿಂಗಳೊಳಗೆ ಇಬ್ಭಾಗ ಮಾಡಿ ಕೈತೊಳೆದುಕೊಂಡಿದ್ದ, ಆದ್ದರಿಂದ ಇತರರ ಭವಿಷ್ಯವನ್ನು ಬೇಗಬೇಗ ನಿರ್ಧರಿಸುವುದರಲ್ಲಿ ಅನುಭವಿಯಾಗಿದ್ದ ಲಾರ್ಡ್ ಮೌಂಟ್‌ಬ್ಯಾಟನ್ ಕೂಡ ಇದ್ದರು. ಅಜ್ಜ ಓದಿದ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು, ಅಪ್ಪ ತರಬೇತಾದ ಡಾರ್ಟ್‌ಮತ್ ನೌಕಾ ಕಾಲೇಜು, ಆಮೇಲೆ ನೌಕಾಪಡೆ ಎಂಬ ದಾರಿಯನ್ನು ಅವರು ಗೆರೆ ಎಳೆದು ತೋರಿಸಿದರು. ಒಬ್ಬ ಪಿಯುಸಿ ಹುಡುಗನ ಕಾಲೇಜು ಅಡ್ಮಿಷನ್ನಿಗೆ ಸಂವಿಧಾನ, ಧರ್ಮ, ಸೈನ್ಯ ಮತ್ತು ವಿಶ್ವವಿದ್ಯಾಲಯಗಳು ಒಂದೇ ಮೇಜಿನ ಸುತ್ತ ಕೂತದ್ದು ಲೋಕದಲ್ಲಿ ಅದೇ ಮೊದಲಿರಬೇಕು. ಆ ಮೇಜಿನ ಸುತ್ತ ಇಲ್ಲದಿದ್ದವನು ಒಬ್ಬನೇ, ಹದಿನೇಳು ವರ್ಷದ ಚಾರ್ಲ್ಸ್. ಕೊನೆಗೆ ಇತಿಹಾಸದಲ್ಲಿ ಬಿ, ಫ್ರೆಂಚ್‌ನಲ್ಲಿ ಸಿ ಪಡೆದ ಅವನಿಗೆ ಟ್ರಿನಿಟಿಯಲ್ಲಿ ಸೀಟು ಸಿಕ್ಕಿತು. ಅದೇ ಅಂಕಗಳನ್ನು ಹಿಡಿದು ಹೋದ ಬೇರೆ ಹುಡುಗರ ಮಾತನ್ನು ಆ ಔತಣದಲ್ಲಿ ಯಾರೂ ಎತ್ತಿರಲಾರರು.

ಅದಕ್ಕೂ ಮುಂಚೆ ಅವನನ್ನು ಸ್ಕಾಟ್ಲೆಂಡಿನ ಗಾರ್ಡನ್‌ಸ್ಟನ್ ಶಾಲೆಗೆ ಹಾಕಿದ್ದರು. ಬೆಳಗಾಗೆದ್ದು ಓಟ, ತಣ್ಣೀರ ಸ್ನಾನ, ಸಹಪಾಠಿಗಳಿಂದ ಏಟು. ಅಪ್ಪನಿಗೆ ಒಗ್ಗಿದ್ದ ಶಾಲೆ ಮಗನಿಗೆ ಒಗ್ಗಲಿಲ್ಲ. 1963ರಲ್ಲಿ, ಹದಿನಾಲ್ಕರ ಪ್ರಾಯದಲ್ಲಿ, ಶಾಲೆಯ ದೋಣಿಯಲ್ಲಿ ಸ್ಟಾರ್ನೊವೇ ಎಂಬ ಊರಿಗೆ ಹೋದಾಗ, ಹೋಟೆಲಿನ ಕಿಟಕಿಯಾಚೆ ತನ್ನನ್ನು ನೋಡಲು ಸೇರಿದ್ದ ಜನರಿಂದ ತಪ್ಪಿಸಿಕೊಳ್ಳಲು ಬಾರಿನೊಳಗೆ ಹೊಕ್ಕು, ಏನು ಕೇಳಬೇಕೆಂದು ತಿಳಿಯದೆ ಒಂದು ಚೆರಿ ಬ್ರಾಂಡಿ ಕೇಳಿದ. ಅಲ್ಲಿ ಪತ್ರಕರ್ತೆಯೊಬ್ಬರಿದ್ದರು. ಮುಂದಿನದನ್ನು ಹೇಳಬೇಕಾಗಿಲ್ಲ. ಅರಮನೆ ಮೊದಲು ಇಲ್ಲವೆಂದಿತು, ಆಮೇಲೆ ಹೌದೆಂದಿತು, ಕಾವಲಿಗಿದ್ದ ಪೊಲೀಸ್ ಅಧಿಕಾರಿ ಆ ಜಾಗ ಕಳೆದುಕೊಂಡರು. ತನ್ನ ಒಂದು ಗುಟುಕಿಗೆ ಬೇರೆ ಯಾರೋ ಕೆಲಸ ಬಿಡಬೇಕಾಗುತ್ತದೆ ಎಂಬುದು ಆ ಶಾಲೆಯಿಂದ ದೊರೆಮಗನಿಗೆ ದೊರೆತ ನಿಜವಾದ ಶಿಕ್ಷಣ. ಆ ಕಹಿಯಿಂದಲೋ ಏನೋ, ಅವನು ತನ್ನ ಇಬ್ಬರು ಮಕ್ಕಳನ್ನೂ ಈಟನ್ನಿಗೆ ಹಾಕಿದ. ಅಪ್ಪನ ತಪ್ಪನ್ನು ಮಗ ತಿದ್ದುವುದು, ಆ ತಿದ್ದುಪಡಿಯನ್ನು ಮೊಮ್ಮಗ ಅನುಭವಿಸುವುದು ಈ ವಂಶದ ಪಠ್ಯಕ್ರಮ.

ಈ ಪಠ್ಯಕ್ರಮಕ್ಕೆ ಮೂಲಪುರುಷರು ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ಮತ್ತು ಅವರ ಸಲಹೆಗಾರ ಬ್ಯಾರನ್ ಸ್ಟಾಕ್ಮಾರ್. ಹಿರಿಯ ಮಗ ಬರ್ಟಿ, ಅಂದರೆ ಮುಂದಿನ ಏಳನೆಯ ಎಡ್ವರ್ಡ್, 1841ರ ನವೆಂಬರಿನಲ್ಲಿ ಹುಟ್ಟಿ ಇನ್ನೂ ಹಲ್ಲು ಬರುವ ಮುಂಚೆಯೇ ಸ್ಟಾಕ್ಮಾರ್ ಅವನ ಶಿಕ್ಷಣದ ಬಗ್ಗೆ ದೀರ್ಘವಾದ ಟಿಪ್ಪಣಿ ಬರೆದು ಒಪ್ಪಿಸಿದ್ದ. ಹುಡುಗನಿಗೆ ಏಳು ತುಂಬುತ್ತಿದ್ದಂತೆ ಮೇಷ್ಟ್ರುಗಳು ಬಂದರು. ವಾರಕ್ಕೆ ಆರು ದಿನ, ದಿನಕ್ಕೆ ಆರೇಳು ಗಂಟೆ ಪಾಠ. ಹುಡುಗ ಪುಸ್ತಕ ಎಸೆದ, ಕಾಲು ಅಪ್ಪಳಿಸಿದ, ಕಿರುಚಾಡಿದ. ಅಪ್ಪನಿಗೆ ಚಿಂತೆಯಾಯಿತು. ಮೇಷ್ಟ್ರನ್ನು ಕೇಳುವುದು, ಪಾಠ ಕಡಿಮೆ ಮಾಡುವುದು ಮುಂತಾದ ಸುಲಭದ ದಾರಿಗಳನ್ನೆಲ್ಲ ಬಿಟ್ಟು, ತಲೆಬುರುಡೆಯ ಉಬ್ಬುತಗ್ಗು ತಡವಿ ಸ್ವಭಾವ ಹೇಳುತ್ತಿದ್ದ ಜಾರ್ಜ್ ಕೂಂಬ್ ಎಂಬ ಪಂಡಿತನನ್ನು ಕರೆಸಿದರು. ಅವನು ತಡವಿ ನೋಡಿ, ಜಗಳಗಂಟಿತನ, ನಾಶಬುದ್ಧಿ ಮತ್ತು ಅಹಂಕಾರದ ಭಾಗಗಳು ದೊಡ್ಡವಾಗಿವೆ, ಬುದ್ಧಿಯ ಭಾಗ ಸಾಧಾರಣವಾಗಿದೆ ಎಂದು ವರದಿ ಕೊಟ್ಟ. ವಿಜ್ಞಾನದ ಮಹಾಪ್ರದರ್ಶನಕ್ಕೆ ಸ್ಫಟಿಕದ ಅರಮನೆ ಕಟ್ಟಿಸುತ್ತಿದ್ದ ಅಪ್ಪ, ಮಗನ ತಲೆಯ ವಿಷಯ ಬಂದಾಗ ಕಣಿ ಕೇಳಿದ. ಇಷ್ಟೆಲ್ಲ ಓದಿ ತಯಾರಾದ ಬರ್ಟಿಗೆ ಕೆಲಸ ಸಿಕ್ಕಿದ್ದು 1901ರಲ್ಲಿ, ಐವತ್ತೊಂಬತ್ತನೆಯ ವಯಸ್ಸಿಗೆ. ನಮ್ಮ ಸರ್ಕಾರಿ ನೌಕರರು ಪಿಂಚಣಿ ಕಾಗದಗಳನ್ನು ಜೋಡಿಸಿಕೊಳ್ಳುವ ವಯಸ್ಸದು. ಮಧ್ಯದ ವರ್ಷಗಳನ್ನು ಅವನು ಜೂಜು, ಊಟ, ಬೇಟೆ ಮತ್ತು ಪರಸ್ತ್ರೀಯರ ಅಧ್ಯಯನದಲ್ಲಿ ಕಳೆದ. ಕೂಂಬ್‌ನ ಕೈಗೆ ಆ ಭಾಗಗಳು ಸಿಕ್ಕಿರಲಿಲ್ಲವೆಂದು ಕಾಣುತ್ತದೆ.

ಇಲ್ಲಿ ಮೈಸೂರಿನ ಮಾತು ಬರಲೇಬೇಕು, ಏಕೆಂದರೆ ಇದೇ ಜನ ಅದೇ ಕಾಲದಲ್ಲಿ ನಮ್ಮ ರಾಜಕುಮಾರರ ವಿದ್ಯಾಭ್ಯಾಸವನ್ನೂ ಕೈಗೆತ್ತಿಕೊಂಡಿದ್ದರು. ದತ್ತುಪುತ್ರರಾದ ಚಾಮರಾಜೇಂದ್ರ ಒಡೆಯರಿಗೆ 1869ರಲ್ಲಿ ಕರ್ನಲ್ ಮ್ಯಾಲಿಸನ್ ಪೋಷಕರಾಗಿ ಬಂದರು. ಅವರ ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಸ್ಟುವರ್ಟ್ ಫ್ರೇಸರ್ ಎಂಬ ಐಸಿಎಸ್ ಅಧಿಕಾರಿ ಗುರುವಾದರು. ಅದರಲ್ಲಿ ವಿಶೇಷವಿಲ್ಲ. ವಿಶೇಷವಿರುವುದು ಷರತ್ತಿನಲ್ಲಿ. ರಾಜ್ಯವನ್ನು ಹಿಂದಿರುಗಿಸುವ ಬಗ್ಗೆ 1867ರಲ್ಲಿ ಲಂಡನ್ನಿನಿಂದ ಬಂದ ಆದೇಶದಲ್ಲಿ, ಬಾಲಕನು ಪ್ರಾಪ್ತವಯಸ್ಕನಾದಾಗ ಆಳಲು ಯೋಗ್ಯನೆಂದು ಕಂಡುಬಂದರೆ ಮಾತ್ರ ಎಂಬ ಮಾತಿತ್ತು. ಮೈಸೂರಿನ ಗದ್ದುಗೆ ಏರುವವನು ಯೋಗ್ಯನೋ ಅಲ್ಲವೋ ಎಂದು ಪರೀಕ್ಷಿಸುವುದು ಅವರಿಗೆ ಅಗತ್ಯವೆನಿಸಿತು. ಕಾಲು ಭೂಮಿಯ ಗದ್ದುಗೆ ಏರಲಿದ್ದ ತಮ್ಮ ಬರ್ಟಿಯನ್ನು ಮಾತ್ರ ಯಾರೂ ಏನನ್ನೂ ಕೇಳಲಿಲ್ಲ. ಮೈಸೂರಿಗೆ ಪರೀಕ್ಷೆ, ಲಂಡನ್ನಿಗೆ ಪಾಸು!

ಇನ್ನು ಜಾರ್ಜನ ಶಾಲೆಯನ್ನು ತೀರ್ಮಾನಿಸುವುದು ತಂದೆತಾಯಿ ಎಂದು ನಂಬಿರುವ ಪತ್ರಿಕೆಗಳು ಒಂದು ಹಳೆಯ ಕಡತವನ್ನು ಮರೆತಂತಿವೆ. 1717ರಲ್ಲಿ ಒಂದನೆಯ ಜಾರ್ಜ್ ದೊರೆ, ಮೊಮ್ಮಗನ ನಾಮಕರಣದಲ್ಲಿ ಮಗನೊಡನೆ ಜಗಳವಾಡಿ, ಮಗನನ್ನೂ ಸೊಸೆಯನ್ನೂ ಅರಮನೆಯಿಂದ ಹೊರಗೆ ಹಾಕಿ, ಮೊಮ್ಮಕ್ಕಳನ್ನು ತನ್ನ ಬಳಿಯೇ ಇಟ್ಟುಕೊಂಡ. ಪ್ರಶ್ನೆ ನ್ಯಾಯಾಧೀಶರ ಮುಂದೆ ಹೋದಾಗ ಹನ್ನೆರಡರಲ್ಲಿ ಹತ್ತು ಮಂದಿ, ದೊರೆಯ ಮೊಮ್ಮಕ್ಕಳ ಶಿಕ್ಷಣವೂ ಮದುವೆಯೂ ದೊರೆಯ ಹಕ್ಕೆಂದು ಹೇಳಿದರು. ಆ ಗಲಾಟೆಗೆ ಕಾರಣವಾದ ಕೂಸು 1718ರ ಫೆಬ್ರವರಿಯಲ್ಲಿ ತೀರಿಕೊಂಡಿತು. ಅಭಿಪ್ರಾಯ ಮಾತ್ರ ಉಳಿಯಿತು, ರಾಜಮನೆತನದ ಕಾನೂನು ಬಲ್ಲವರು ಅದನ್ನು ಇಂದಿಗೂ ಉದಾಹರಿಸುತ್ತಾರೆ.

ಈ ಹುಡುಗನ ಬಗ್ಗೆ ನಗುವುದು ನನಗೆ ಸಾಧ್ಯವಿಲ್ಲ. 2019ರಲ್ಲಿ ಅವನಿಗೆ ಬ್ಯಾಲೆ ಇಷ್ಟವೆಂದು ಅಮೆರಿಕದ ಟೀವಿ ನಿರೂಪಕಿಯೊಬ್ಬರು ನಕ್ಕರು. ಅದನ್ನು ಪ್ರತಿಭಟಿಸಿ ಸುಮಾರು 300 ನರ್ತಕರು ನ್ಯೂಯಾರ್ಕಿನ ಟೈಮ್ಸ್ ಚೌಕದಲ್ಲಿ ಸೇರಿ ಕುಣಿದರು, ನಿರೂಪಕಿ ಕ್ಷಮೆ ಕೇಳಿದರು. ಆಗ ಅವನ ವಯಸ್ಸು ಆರು. 2022ರ ಸೆಪ್ಟೆಂಬರ್ 7ರಂದು ತಂಗಿ ತಮ್ಮಂದಿರ ಜೊತೆ ಲ್ಯಾಂಬ್ರೂಕ್ ಎಂಬ ಹೊಸ ಶಾಲೆಯ ಬಾಗಿಲಲ್ಲಿ ಮುಖ್ಯೋಪಾಧ್ಯಾಯರ ಕೈಕುಲುಕಿದ. ಮಾರನೆಯ ದಿನ ಮುತ್ತಜ್ಜಿ ತೀರಿಕೊಂಡರು. ಶಾಲೆಯ ಪುಸ್ತಕಕ್ಕೆ ಹೊದಿಕೆ ಹಾಕುವ ಮೊದಲೇ ಅವನು ಪಟ್ಟದ ಸಾಲಿನಲ್ಲಿ ಎರಡನೆಯವನಾದ. ಹನ್ನೊಂದು ದಿನಗಳ ನಂತರ, ಒಂಬತ್ತು ವರ್ಷದ ಆ ಹುಡುಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ಲೋಕದ ಕ್ಯಾಮೆರಾಗಳೆಲ್ಲ ತನ್ನ ಮುಖದ ಮೇಲಿರುವಾಗ, ಶವಪೆಟ್ಟಿಗೆಯ ಹಿಂದೆ ನಡೆದ. ಅದು ದೇಶಕ್ಕೆ ಧೈರ್ಯ ತರುವ ದೃಶ್ಯವೆಂದು ಬರೆದರು. ಮಗುವೊಂದರ ದುಃಖದಿಂದ ಧೈರ್ಯ ಪಡೆಯಬೇಕಾದ ದೇಶದ ಬಗ್ಗೆ ಏನು ಹೇಳುವುದು?

2025ರ ಡಿಸೆಂಬರಿನಲ್ಲಿ ಅವನ ಪಠ್ಯಕ್ಕೆ ಬಡತನವನ್ನೂ ಸೇರಿಸಿದರು. ತಂದೆ ಅವನನ್ನು ಲಂಡನ್ನಿನ ಪ್ಯಾಸೇಜ್ ಎಂಬ, ಮನೆಯಿಲ್ಲದ ನಿರಾಶ್ರಿತರ ಸಂಸ್ಥೆಗೆ ಕರೆದೊಯ್ದು, ಕ್ರಿಸ್‌ಮಸ್ ಊಟದ ತಯಾರಿಗೆ ಕೈಹಚ್ಚಿಸಿದರು. ಅಜ್ಜಿ ಡಯಾನಾ ಮತ್ತು ಬಾಲಕ ವಿಲಿಯಂ 1993ರಲ್ಲಿ ಸಹಿ ಮಾಡಿದ್ದ ಸಂದರ್ಶಕರ ಪುಸ್ತಕದ ಅದೇ ಪುಟದಲ್ಲಿ ಇವನೂ ಸಹಿ ಹಾಕಿದ. ಎಲ್ಲರ ಕಣ್ಣೂ ತೇವವಾದವು. ಮೂವತ್ತೆರಡು ವರ್ಷಗಳ ನಂತರವೂ ಆ ಸಂಸ್ಥೆಗೆ ಕೆಲಸ ಯಾಕಿದೆ, ಆ ಸಾಲಿನಲ್ಲಿ ನಿಲ್ಲುವವರು ಯಾಕಿನ್ನೂ ಇದ್ದಾರೆ ಎಂದು ಆ ವರದಿಗಳಲ್ಲಿ ಒಂದು ವಾಕ್ಯ ಹುಡುಕಿ ಸಾಕಾಯಿತು. 1337ರಲ್ಲಿ ಸ್ಥಾಪಿಸಿದ ಕಾರ್ನ್‌ವಾಲ್ ಡಚ್ಚಿ ಎಂಬ ಜಹಗೀರಿನಿಂದ ಅವನ ತಂದೆಗೆ ವರ್ಷಕ್ಕೆ ಎರಡು ಕೋಟಿ ಪೌಂಡಿಗೂ ಹೆಚ್ಚು ವರಮಾನವಿದೆ. ಅದರ ಮೇಲೆ ಕಟ್ಟುವ ತೆರಿಗೆ ಎಷ್ಟೆಂದು ಅಜ್ಜ ಹೇಳುತ್ತಿದ್ದರು, ತಂದೆ ಹೇಳುವುದಿಲ್ಲ. ಮುಂದೆ ಆ ಜಹಗೀರು ಈ ಹುಡುಗನದು. ನಿರಾಶ್ರಿತರ ಊಟದ ಮೇಜು ಒರೆಸಿದರೆ ಅದರ ಲೆಕ್ಕ ಕಲಿತಂತಾಗುವುದಿಲ್ಲ. 2017ರ ಏಪ್ರಿಲ್ 6ರಿಂದ ಈಚೆಗೆ ಹುಟ್ಟಿದ ಮೂರನೆಯ ಮಗುವಿಗೆ ಸರ್ಕಾರದ ಹೆಚ್ಚುವರಿ ನೆರವಿಲ್ಲ ಎಂದು ಅದೇ ದೇಶ ಬಡ ತಾಯಂದಿರಿಗೆ ಎಂಟು ವರ್ಷ ಹೇಳುತ್ತಾ ಬಂದು, 2025ರ ನವೆಂಬರಿನ ಬಜೆಟ್ಟಿನಲ್ಲಿ ಅದನ್ನು ಕೈಬಿಡುವುದಾಗಿ ಘೋಷಿಸಿತು. 2018ರ ಏಪ್ರಿಲ್‌ನಲ್ಲಿ ಈ ಮನೆಯಲ್ಲಿ ಮೂರನೆಯ ಮಗು ಹುಟ್ಟಿದಾಗ ಆಸ್ಪತ್ರೆಯ ಮುಂದೆ ಕ್ಯಾಮೆರಾಗಳಿದ್ದವು, ಮಕ್ಕಳು ಹೆಚ್ಚಾದವೆಂದು ಯಾರೂ ಅನ್ನಲಿಲ್ಲ.

ಶಾಲೆಯ ವಿಷಯಕ್ಕೇ ಬರುವುದಾದರೆ, ಈಟನ್ನಿನ ಶುಲ್ಕ ಈಗ ವರ್ಷಕ್ಕೆ 63 ಸಾವಿರ ಪೌಂಡಿಗೂ ಹೆಚ್ಚು, ನಮ್ಮ ಲೆಕ್ಕದಲ್ಲಿ 70 ಲಕ್ಷ ರೂಪಾಯಿಗೂ ಹೆಚ್ಚು. 2025ರ ಜನವರಿಯಿಂದ ಖಾಸಗಿ ಶಾಲೆಗಳ ಶುಲ್ಕದ ಮೇಲೆ ಶೇ 20ರ ತೆರಿಗೆ ಬಿದ್ದಿರುವುದರಿಂದ ಅಷ್ಟಾಗಿದೆ. ರಾಜಕುಮಾರನೂ ಸಾಮಾನ್ಯರ ಹಾಗೆ ತೆರಿಗೆ ಕಟ್ಟಬೇಕಾಗುತ್ತದೆಂದು ಪತ್ರಿಕೆಗಳು ಮರುಗಿವೆ. ಅವನು ಅಲ್ಲಿಗೇ ಸೇರಿದರೆ ಸರ್ಕಾರದ ಬೊಕ್ಕಸಕ್ಕೆ ವರ್ಷಕ್ಕೆ ಸುಮಾರು ಹತ್ತೂವರೆ ಸಾವಿರ ಪೌಂಡ್ ಬರುತ್ತದೆ. ಅದೇ ಬೊಕ್ಕಸ ಡಾರ್ಟ್‌ಮೂರಿನ ಜೈಲಿಗಾಗಿ ಹುಡುಗನ ತಂದೆಯ ಜಹಗೀರಿಗೆ ವರ್ಷಕ್ಕೆ 15 ಲಕ್ಷ ಪೌಂಡ್ ಬಾಡಿಗೆ ಒಪ್ಪಿಕೊಂಡಿದೆ. ರೇಡಾನ್ ಎಂಬ ವಿಕಿರಣಶೀಲ ಅನಿಲ ಕಂಡುಬಂದು 2024ರಲ್ಲಿ ಕೈದಿಗಳನ್ನೆಲ್ಲ ಬೇರೆಡೆಗೆ ಸಾಗಿಸಿದ ಮೇಲೂ, ಒಬ್ಬನೇ ಒಬ್ಬ ಕೈದಿ ಇಲ್ಲದ ಆ ಜೈಲಿನ ಬಾಡಿಗೆ ಸಂದಾಯವಾಗುತ್ತಲೇ ಇತ್ತು.