ಪಾಲು ಮತ್ತು ಪ್ಯಾಕೆಟ್

ಅಕ್ಟೋಬರ್ ಬಂತೆಂದರೆ ಅಮೆರಿಕದ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್‌ನ ನಮ್ಮ ಬೀದಿಯಲ್ಲಿ ಎಲ್ಕ್, ಅಂದರೆ ಕಡವೆಯಂಥ ದೊಡ್ಡ ಜಿಂಕೆ, ಯಾರಿಗೆ ಸಿಕ್ಕಿತೆಂದು ವಿಚಾರಿಸಬೇಕಾಗಿಲ್ಲ. ಬಿಯರ್ ಕ್ಯಾನ್ ಹಿಡಿದು ನಾಲ್ಕು ಜನ ಯಾರ ಗ್ಯಾರೇಜಿನ ಮುಂದೆ ನಿಂತಿದ್ದಾರೋ ಅವರಿಗೇ. ನಾನೂ ಹೋಗಿ ನಿಲ್ಲುತ್ತೇನೆ. ಕೋವಿ ಮುಟ್ಟಿದವನಲ್ಲ, ಆದರೆ ತೀರ್ಥಹಳ್ಳಿ ಕಡೆಯವನು. ಶಿಕಾರಿ ಕತೆಯೆಂದರೆ ಕಾಲು ತಾನಾಗಿ ಅತ್ತ ತಿರುಗುತ್ತದೆ.

ಈ ಸಲ ಕೊನೆ ಮನೆಯ ಪ್ಲಂಬರ್‌ನ ಸರದಿ. ಗುಂಡು ಹೊಡೆದದ್ದನ್ನು ಅರ್ಧ ನಿಮಿಷದಲ್ಲಿ ಮುಗಿಸಿದ. ಉಳಿದದ್ದೆಲ್ಲ ಅಂಕಿ ಮತ್ತು ಬೆನ್ನುನೋವು: 10,500 ಅಡಿ ಎತ್ತರ, 240 ಗಜ ದೂರ, ಐದನೆಯ ದಿನದ ಬೆಳಗು, ಆರಕ್ಕೆ ಆರು ಕವಲಿನ ಕೊಂಬು, ಗಾಡಿಗೆ ನಾಲ್ಕು ಮೈಲಿ. 300 ಕಿಲೋ ದಾಟುವ ಪ್ರಾಣಿಯನ್ನು ಬಿದ್ದಲ್ಲೇ ಕೊಯ್ದು, ಬಟ್ಟೆಚೀಲದಲ್ಲಿ ಕಟ್ಟಿ, ಒಬ್ಬನೇ ನಾಲ್ಕು ಸಲ ಹತ್ತಿಳಿದು ಹೊತ್ತನಂತೆ. ತಿನ್ನಬಹುದಾದ ಮಾಂಸವನ್ನು ಕಾಡಲ್ಲೇ ಬಿಟ್ಟು ಬರುವುದು ಕೊಲರಾಡೊದಲ್ಲಿ ಅಪರಾಧ. ಎಲ್ಲ ಹೇಳಿದವನು ಜಾಗ ಮಾತ್ರ ಹೇಳಲಿಲ್ಲ, ಸುಮ್ಮನೆ ಪಶ್ಚಿಮಕ್ಕೆ ಕೈಬೀಸಿದ. ಅಣಬೆ ಏಳುವ ಜಾಗ ಕೇಳಿದರೆ ನಮ್ಮೂರಿನವರೂ ಹೀಗೇ.

ನನ್ನ ಅಜ್ಜನ ಕತೆಗಳಲ್ಲಿ ಅಂಕಿಯೇ ಇರಲಿಲ್ಲ, ಜನ ಇದ್ದರು. ಹಳು ನುಗ್ಗಿ ಪ್ರಾಣಿ ಎಬ್ಬಿಸಿದವರು ಯಾರು, ಕೋವಿ ಹಿಡಿದು ಬಿಲ್ಲಿಗೆ ಕೂತು ಕಾದವರು ಯಾರು, ಹೊತ್ತಲ್ಲದ ಹೊತ್ತಿನಲ್ಲಿ ಕೆಮ್ಮಿ ಕೆಡಿಸಿದವನು ಯಾರು, ನಾಯಿಯ ಹೆಸರೇನು. ಈಡು ಯಾರದೆಂಬುದು ಕೊನೆಗೆ. ಅದೂ ‘ನಾನು ಹೊಡೆದೆ’ ಅಂತಲ್ಲ, ‘ಮಿಗ ಬಿತ್ತು’ ಅಂತ. ಆಮೇಲೆ ಹಸಿಗೆ, ಅಂದರೆ ಮಾಂಸದ ಹಂಚಿಕೆ. ಹೊಡೆದವನಿಗೆ ಒಂದು ಪಾಲು ಹೆಚ್ಚು, ಬಂದವರಿಗೆಲ್ಲ ಪಾಲು, ನಾಯಿಗೂ ಪಾಲು. ಪಾಲು ಕಡಿಮೆ ಬಂತೆಂದು ಎರಡು ಮನೆಯವರು ವರ್ಷಗಟ್ಟಲೆ ಮಾತು ಬಿಟ್ಟದ್ದೂ ಉಂಟು. ಹಳು ನುಗ್ಗುವವರು ಆಳುಗಳು, ಬಿಲ್ಲಿಗೆ ಕೂರುವವರು ಒಡೆಯರು ಎಂಬುದನ್ನು ಅಜ್ಜ ಬಿಡಿಸಿ ಹೇಳುತ್ತಿರಲಿಲ್ಲ. ಅವರ ‘ನಾವು’ ಸಮನೆಲದ ಮೇಲೆ ನಿಂತ ‘ನಾವು’ ಆಗಿರಲಿಲ್ಲ. ಆದರೂ ಪಾಲು ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದಲ್ಲ, ಬರಬೇಕಾದದ್ದು.

1972ರ ವನ್ಯಜೀವಿ ಕಾಯ್ದೆಯ ನಂತರ ನಮ್ಮಲ್ಲಿ ಶಿಕಾರಿ ಕತೆ ಒಂದೋ ಅಜ್ಜನ ಕಾಲದ್ದು, ಇಲ್ಲವೇ ಪಿಸುಮಾತು. ‘ಅಲ್ಲಿ ಬಿಡ್ತಾರಲ್ಲ ಮಾರಾಯ, ಇಲ್ಲಿಗೇನಾಗಿದೆ?’ ಎಂದು ಊರಿನ ಗೆಳೆಯರು ಫೋನಿನಲ್ಲಿ ಕೇಳುತ್ತಾರೆ. ನಾನಂತೂ ಆ ವಾದಕ್ಕೆ ಸೇರುವುದಿಲ್ಲ. ಕೊಲರಾಡೊದವರೂ ಒಮ್ಮೆ ಎಲ್ಕ್ ಹೊಡೆದು ಹೊಡೆದು ಹೆಚ್ಚುಕಡಿಮೆ ಮುಗಿಸಿದ್ದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಯೆಲ್ಲೋಸ್ಟೋನ್ ಕಡೆಯಿಂದ ಎಲ್ಕ್ ತಂದು ಬಿಡಬೇಕಾಯಿತು. ಈಗ ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚಿವೆ. ಅದರ ಹಿಂದೆ ವರ್ಷವರ್ಷದ ಎಣಿಕೆ, ಲೈಸೆನ್ಸಿನ ಹಣ, ಬಂದೂಕು ತೋಟಾಗಳ ಮೇಲೆ 1937ರ ಕಾಯ್ದೆ ವನ್ಯಜೀವಿಗಳಿಗೆಂದೇ ಮೀಸಲಿಟ್ಟ ತೆರಿಗೆ, ಇಷ್ಟೆಲ್ಲ ಇದೆ. ಇಷ್ಟಾದರೂ ಹೆಚ್ಚುಕಡಿಮೆ ಐವರಲ್ಲಿ ನಾಲ್ವರು ಬರಿಗೈಲಿ ಮರಳುತ್ತಾರೆ. ಅವರ ಗ್ಯಾರೇಜಿನ ಮುಂದೆ ಯಾರೂ ನಿಲ್ಲುವುದಿಲ್ಲ. ತೋಳಗಳನ್ನಂತೂ ನಿರ್ನಾಮ ಮಾಡಿ, 2023ರ ಡಿಸೆಂಬರಿನಲ್ಲಿ ಮತ್ತೆ ತಂದು ಬಿಟ್ಟಿದ್ದಾರೆ. ನಮ್ಮ ಕಾಡಿನಲ್ಲಿ ಕಡವೆ ಹುಲಿಯ ಊಟ. ಅದನ್ನು ನಾವು ತಿಂದರೆ ಹುಲಿ ನಮ್ಮ ಕೊಟ್ಟಿಗೆಗೆ ಬರುತ್ತದೆ.

ನನ್ನ ತಕರಾರು ಬೇಟೆಯದಲ್ಲ, ಹಂಚಿಕೆಯದು. ಪ್ಲಂಬರ್ ಜಿಪುಣನಲ್ಲ. ಎಲ್ಕ್ ಜಿಂಕೆಗಳಿಗೆ ಹತ್ತುವ, ಮಿದುಳು ಕೆಡಿಸುವ ರೋಗವೊಂದಿದೆ. ಅದು ಮೊದಲು ಕಣ್ಣಿಗೆ ಬಿದ್ದದ್ದು 1967ರಲ್ಲಿ, ಇದೇ ಫೋರ್ಟ್ ಕಾಲಿನ್ಸ್‌ನಲ್ಲಿ. ಹಾಗಾಗಿ ತಲೆಯನ್ನು ಪರೀಕ್ಷೆಗೆ ಕೊಟ್ಟು, ರೋಗವಿಲ್ಲವೆಂದು ಗೊತ್ತಾದ ಮೇಲೆಯೇ ಬಿಳಿ ಕಾಗದ ಸುತ್ತಿ ತಾರೀಖು ಬರೆದ ಎರಡು ಪ್ಯಾಕೆಟ್ ತಂದುಕೊಟ್ಟ. ಮಾರಲಂತೂ ಕಾನೂನು ಬಿಡದು. ನಾನು ಮೂರು ಸಲ ಥ್ಯಾಂಕ್ಸ್ ಹೇಳಿದೆ. ಪಾಲು ಪಡೆದವರು ಥ್ಯಾಂಕ್ಸ್ ಹೇಳಿದ್ದನ್ನು ನಮ್ಮೂರಲ್ಲಿ ನಾನು ಕೇಳಿಲ್ಲ.

ಊರಿಂದ ಬಂದಿದ್ದ ಅಮ್ಮ ಕಾಳುಮೆಣಸು ಹುರಿದು ಸಾರು ಮಾಡಿ, ಕಡುಬು ಬೇಯಿಸಿದರು.

“ಎಷ್ಟು ಜನ ಹೋಗಿದ್ರಂತೆ?”

“ಒಬ್ನೇ, ಅಮ್ಮ.”

“ನಾಯಿ?”

“ಇಲ್ಲ. ಎಲ್ಕ್ ಬೇಟೆಗೆ ನಾಯಿ ಬಿಡೋ ಹಾಗಿಲ್ಲ ಇಲ್ಲಿ.”

“ಪಾಪ,” ಎಂದು ಅಮ್ಮ ಒಂದು ಡಬ್ಬಿಗೆ ಸಾರು, ಆರು ಕಡುಬು ಹಾಕಿ ನನ್ನ ಕೈಗಿತ್ತರು. “ಬಿಸಿ ಇದ್ದಾಗಲೇ ಕೊಟ್ಟು ಬಾ.”