ನಮ್ಮ ಫ್ರಿಜ್, ಅವನ ಫ್ರಿಜ್

ತಲೆಗೆ ಟೋಪಿ, ಕೈಯಲ್ಲಿ ಚಾಟಿ ಹಿಡಿದ ಹಾಲಿವುಡ್ ಸಿನಿಮಾ ಹೀರೋ ಇಂಡಿಯಾನಾ ಜೋನ್ಸ್ ನಮಗೆ ಸಿಕ್ಕಿದ್ದು ಕೋಲಾರದಲ್ಲಿ, ಬಾಡಿಗೆಗೆ ತಂದ ವಿಸಿಆರ್‌ನಲ್ಲಿ. 1981ರ ಸಿನಿಮಾ, 1984ರದ್ದು, 1989ರದ್ದು, ಮೂರೂ ಕ್ಯಾಸೆಟ್ ಬೆಳಗಾಗೋದರೊಳಗೆ ಮುಗೀಬೇಕು. ಇಲ್ಲಾಂದ್ರೆ ಇನ್ನೊಂದು ದಿನದ ಬಾಡಿಗೆ. ಇಂಗ್ಲಿಷ್ ಅರ್ಥವಾಗಿದ್ದು ಅಷ್ಟಕ್ಕಷ್ಟೆ. ಆದರೆ ಎರಡನೆಯದರಲ್ಲಿ ಅಮರೀಶ್ ಪುರಿ ಬರಿಗೈಯಲ್ಲಿ ಗುಂಡಿಗೆ ಕಿತ್ತಾಗ ಅಜ್ಜಿ ಎದ್ದು ದೇವರ ಮನೆಗೆ ಹೋದರು. ಅದಕ್ಕೆ ಭಾಷೆ ಬೇಕಿರಲಿಲ್ಲ.

ಆಗ ನಾವು ನೋಡುತ್ತಿದ್ದ ಹೀರೋಗಳು ಹತ್ತು ಜನರನ್ನು ಬಡಿದರೂ ಕ್ರಾಪು ಕೆದರುತ್ತಿರಲಿಲ್ಲ. ಇವನು ಹೊಡೆಯುತ್ತಿದ್ದ, ಅಷ್ಟೇ ಹೊಡೆತ ತಿನ್ನುತ್ತಲೂ ಇದ್ದ. ಹಾವು ಕಂಡರೆ ನಡುಗುತ್ತಿದ್ದ. ಮೊದಲ ಸಿನಿಮಾದಲ್ಲಿ ಹಡಗಿನ ಸೀನ್ ಒಂದಿದೆ. ಮೈಯೆಲ್ಲ ಪೆಟ್ಟು. ನಾಯಕಿ ಮುಟ್ಟಿದಲ್ಲೆಲ್ಲ ನರಳುತ್ತಾನೆ. ನೋಯದೇ ಇರೋ ಜಾಗವಾದರೂ ಎಲ್ಲಿದೆ ಅಂತ ಅವಳು ರೇಗುತ್ತಾಳೆ. ಅವನು ಮೊಣಕೈ ತೋರಿಸುತ್ತಾನೆ. ನಾನೂ ತಮ್ಮನೂ ಅಲ್ಲೇ ಬಿದ್ದುಹೋದೆವು.

ಮುಂದಿನ ಭಾನುವಾರವೇ ಊರ ಪಕ್ಕದ ಅಂತರಗಂಗೆ ಬೆಟ್ಟಕ್ಕೆ ಹೊರಟೆವು. ಬಸವನ ಬಾಯಿಂದ ಬೀಳುವ ನೀರು ಕುಡಿದು ಮೇಲೆ ಹತ್ತಿದರೆ ಬರೀ ಬಂಡೆ, ಗುಹೆ. ಇದಕ್ಕಿಂತ ಒಳ್ಳೇ ಸೆಟ್ ಯಾರಿಗೆ ಸಿಗುತ್ತೆ? ಚಾಟಿಯ ಬದಲು ದನ ಕಟ್ಟೋ ಹಗ್ಗ, ತಲೆಗೆ ಜಾತ್ರೆಯ ಟೋಪಿ. ಹಗ್ಗವನ್ನು ಕೊಂಬೆಗೆ ಸುತ್ತಿ ಜೀಕಿದೆ. ಹಗ್ಗ ಗಟ್ಟಿಯಾಗಿತ್ತು, ಕೊಂಬೆ ಒಣಗಿತ್ತು. ಎರಡೂ ಮಂಡಿ ತರಚಿಹೋಯಿತು. ಟೋಪಿ ಎತ್ತಿಕೊಳ್ಳೋಣ ಅಂದ್ರೆ ಅದು ಆಗಲೇ ಕೋತಿಯ ಕೈ ಸೇರಿತ್ತು. ನಿನಗಿಂತ ಅದಕ್ಕೇ ಜಾಸ್ತಿ ಒಪ್ಪುತ್ತಿತ್ತು ಅಂತ ತಮ್ಮ ಇವತ್ತಿಗೂ ಹೇಳುತ್ತಾನೆ.

19 ವರ್ಷ ಕಾದೆವು. 2008ರಲ್ಲಿ ನಾಲ್ಕನೆಯದು ಬಂದ ವಾರವೇ ನಾವು ಮನೆ ಬದಲಾಯಿಸಿದ್ದು. ಟೆಂಪೋದಿಂದ ಇಳಿಸುವಾಗ ಫ್ರಿಜ್ ನನ್ನ ಕೈಜಾರಿತು. ಬಿದ್ದಿದ್ದು ಮೂರೇ ಅಡಿ. ಬಾಗಿಲು ಸೊಟ್ಟ, ಒಳಗೆ ಮರೆತಿದ್ದ ಉಪ್ಪಿನಕಾಯಿ ಬಾಟಲಿ ಚೂರುಚೂರು. ರಿಪೇರಿಯವನು ಹಿಂದೆ ಬಗ್ಗಿ ನೋಡಿ, "ಗ್ಯಾಸೆಲ್ಲ ಹೋಗೈತೆ ಸಾರ್, ಇದಕ್ಕೆ ದುಡ್ಡು ಹಾಕ್ಬೇಡಿ" ಅಂದ. ಅದರಲ್ಲಿ ಈಗ ರಾಗಿ ತುಂಬಿಟ್ಟಿದ್ದೇವೆ.

"ನೀವು ಸಿನಿಮಾಗೇ ಹೋಗ್ಬನ್ನಿ, ಇಲ್ಲಿದ್ರೆ ಇನ್ನೇನು ಬೀಳಿಸ್ತೀರೋ" ಅಂದಳು ನನ್ನ ಹೆಂಡತಿ.

ನಾನೂ ತಮ್ಮನೂ ಬಸ್ ಹಿಡಿದು ಬೆಂಗಳೂರಿಗೆ ಹೋಗಿ ಕೂತೆವು. ಸ್ವಲ್ಪ ಹೊತ್ತಿಗೇ ನಮ್ಮ ಹೀರೋ ಅಣುಬಾಂಬ್ ಪರೀಕ್ಷೆ ಮಾಡೋ ಜಾಗದಲ್ಲಿ ಸಿಕ್ಕಿಹಾಕಿಕೊಂಡ. ಏನು ಮಾಡಿದ ಅಂತೀರಿ? ಫ್ರಿಜ್ ಒಳಗೆ ಹೊಕ್ಕು ಬಾಗಿಲು ಹಾಕಿಕೊಂಡ! ಬಾಂಬ್ ಸಿಡಿಯಿತು. ಊರೇ ಹಾರಿಹೋಯಿತು. ಫ್ರಿಜ್ ಆಕಾಶದಲ್ಲಿ ಹಾರಿ, ನೆಲಕ್ಕಪ್ಪಳಿಸಿ, ಉರುಳಿ ಉರುಳಿ ನಿಂತಿತು. ಇವನು ಹೊರಗೆ ಬಿದ್ದ, ಎದ್ದು ನಿಂತ.

ತಮ್ಮ ನನ್ನ ಕಿವಿಯಲ್ಲಿ, "ಅಣ್ಣಾ, ಅದ್ಯಾವ ಕಂಪನೀದು ಕೇಳ್ಕೊಂಬಾ" ಅಂದ.

ಅದಕ್ಕೆ ವಿಕಿರಣ ತಡೆಯೋ ಸೀಸದ ಪದರ ಇದೆ ಅಂತ ತೋರಿಸಿದ್ದರು. ಇರಲಿ. ಸೊಂಟಕ್ಕೂ ಸೀಸದ ಪದರ ಇತ್ತಾ?

ಆಮೇಲೆ ಅವನ ಮಗ ಕೋತಿಗಳ ಜೊತೆ ಬಳ್ಳಿ ಹಿಡಿದು ಜೀಕುತ್ತಾ ಬಂದ. ಒಂದು ಬಳ್ಳಿಯೂ ಕಿತ್ತು ಬರಲಿಲ್ಲ. ಒಂದು ಕೋತಿಯೂ ಅವನಿಂದ ಏನೂ ಕಿತ್ತುಕೊಳ್ಳಲಿಲ್ಲ. ಅಂತರಗಂಗೆ ನೋಡಿದವರು ಇದನ್ನು ನಂಬೋದುಂಟಾ? ಕೊನೆಗೆ ಹಾರುವ ತಟ್ಟೆ ಬರುವ ಹೊತ್ತಿಗೆ ತಮ್ಮ ಗೊರಕೆ ಹೊಡೆಯುತ್ತಿದ್ದ. ಆ ತಟ್ಟೆ ಬಗ್ಗೆ ಬೈದವರು ಬಹಳ. ನನಗೆ ಅದರ ಮೇಲೆ ಸಿಟ್ಟಿಲ್ಲ. ಅಷ್ಟು ವರ್ಷ ಕಾಯಿಸಿ ಬಂದವನಿಗೆ ಆ ಫ್ರಿಜ್‌ನಿಂದ ಎದ್ದಾಗ ನೆಟ್ಟಗೆ ಒಂದು ಕಡೆಯೂ ನೋಯಲಿಲ್ಲವಲ್ಲ, ನನ್ನ ಸಿಟ್ಟು ಅದಕ್ಕೆ.

2023ರಲ್ಲಿ ಐದನೆಯದು ಬಂತು. ಅವನ ಪಾತ್ರ ಮಾಡೋ ಹ್ಯಾರಿಸನ್ ಫೋರ್ಡ್‌ಗೆ ಆಗ 80. ಕಥೆ ಅಷ್ಟೇನಿಲ್ಲ. ಆದರೆ ಬಂಡೆ ಹತ್ತುವಾಗ ಅವನು ತನ್ನ ಮೈಕೈ ನೋವನ್ನೆಲ್ಲ ಒಂದೊಂದಾಗಿ ಒಪ್ಪಿಸುತ್ತಾನೆ. ನಾವಿಬ್ಬರೂ ಚಪ್ಪಾಳೆ ಹೊಡೆದೆವು. ಮುಂದಿನ ಸೀಟಿನ ಹುಡುಗರು ತಿರುಗಿ ನೋಡಿದರು.

ಸಿನಿಮಾ ಮುಗಿದು ಏಳುವಾಗ ನನ್ನ ಮಂಡಿ ಲಟಕ್ ಅಂತು. ಸೊಂಟ ಹಿಡಿದುಕೊಂಡೆ, ಕುತ್ತಿಗೆಯೂ ಹಿಡಿಯಿತು.

"ಎಲ್ಲಿ ನೋಯ್ತಿಲ್ಲ ಹೇಳಣ್ಣ" ಅಂದ ತಮ್ಮ.

ಮೊಣಕೈ ತೋರಿಸಿದೆ.